ವೃದ್ಧಾಶ್ರಮದ ಮಾಹಿತಿ ವ್ಯವಸ್ಥೆ: ಮೌಲ್ಯಮಾಪನದ ಬಗೆ

ಏನಿದು?

ವೃದ್ಧರ ವಸತಿ ಆರೈಕೆ ಕೇಂದ್ರದಲ್ಲಿ ನಿವಾಸಿಗಳ ಕಾಯಿಲೆ, ಔಷಧ, ಆಹಾರ ಮತ್ತು ಖರ್ಚಿನ ವಿವರಗಳನ್ನು ದಾಖಲಿಸಿ, ಬೇಕಾದವರಿಗೆ ಬೇಕಾದಾಗ ಒದಗಿಸುವ ಏರ್ಪಾಡೇ ಮಾಹಿತಿ ವ್ಯವಸ್ಥೆ. ಇದಕ್ಕೆ ಕಂಪ್ಯೂಟರ್ ಇರಲೇಬೇಕೆಂದಿಲ್ಲ. ದಾದಿಯರ ಮೇಜಿನ ಮೇಲಿರುವ ರಟ್ಟಿನ ರಿಜಿಸ್ಟರ್ ಕೂಡ ಮಾಹಿತಿ ವ್ಯವಸ್ಥೆಯೇ. ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕೇಂದ್ರ ಕಾಯ್ದೆಯು ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವಂತೆ, ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ಅಷ್ಟು ಜನರ ಮಾತ್ರೆಗಳ ಲೆಕ್ಕವನ್ನು ಯಾರೂ ಬಾಯಿಪಾಠದಲ್ಲಿ ಇಟ್ಟುಕೊಳ್ಳಲಾರರು.

ಅಳೆಯುವ ಕ್ರಮ

ವಿಲಿಯಂ ಡಿಲೋನ್ ಮತ್ತು ಎಫ್ರಾಯಿಮ್ ಮೆಕ್ಲೀನ್ 1992ರಲ್ಲಿ ರೂಪಿಸಿ 2003ರಲ್ಲಿ ಪರಿಷ್ಕರಿಸಿದ ಮಾದರಿ ಈ ಕ್ಷೇತ್ರದಲ್ಲಿ ಪ್ರಸಿದ್ಧವಾದುದು. ವ್ಯವಸ್ಥೆಯ ಗುಣಮಟ್ಟ, ಮಾಹಿತಿಯ ಗುಣಮಟ್ಟ, ತಾಂತ್ರಿಕ ನೆರವು, ಬಳಕೆ, ಬಳಸುವವರ ತೃಪ್ತಿ ಹಾಗೂ ಅಂತಿಮ ಪ್ರಯೋಜನವನ್ನು ಅದು ಪರಿಶೀಲಿಸುತ್ತದೆ. ತಂತ್ರಾಂಶ ಮಾರುವವರು ಮೊದಲನೆಯದನ್ನೇ ಹೆಚ್ಚು ಹೊಗಳುತ್ತಾರೆ. ವೃದ್ಧಾಶ್ರಮದ ಮಟ್ಟಿಗೆ ತೂಕವಿರುವುದು ಎರಡನೆಯದಕ್ಕೆ ಮತ್ತು ಕೊನೆಯದಕ್ಕೆ.

ಹಾಸಿಗೆಯ ಬಳಿ ಪರೀಕ್ಷೆ

ದಿನಕ್ಕೆರಡರಂತೆ ನುಂಗಬೇಕಾದ 30 ಮಾತ್ರೆಗಳು ಬಂದಿವೆ ಎನ್ನೋಣ. ಹತ್ತು ದಿನಗಳ ನಂತರ ಚಾರ್ಟ್‌ನಲ್ಲಿ 20 ಟಿಕ್ ಗುರುತುಗಳಿವೆ. ಡಬ್ಬಿಯಲ್ಲಿ ಮಾತ್ರ 10ರ ಬದಲು 13 ಮಾತ್ರೆ ಉಳಿದಿವೆ. ಹಾಗಾದರೆ ಮೂರು ಗುರುತುಗಳು ಸುಳ್ಳು. ಇಂಥ ತಪ್ಪು ಸಾಮಾನ್ಯವಾಗಿ ಸೋಮಾರಿತನದ ಫಲವಲ್ಲ: ರಾತ್ರಿ ಪಾಳಿಯ ಒಬ್ಬಳೇ ದಾದಿ ಎಲ್ಲರ ಚಾರ್ಟನ್ನೂ ಒಟ್ಟಿಗೆ ತುಂಬಿಟ್ಟು, ಆಮೇಲೆ ಮಾತ್ರೆ ಹಂಚಲು ಹೊರಟಿರಬಹುದು. ಆದ್ದರಿಂದ ಮೌಲ್ಯಮಾಪಕರು ಪರದೆಯ ಮುಂದೆ ಕೂರುವುದಷ್ಟೇ ಸಾಲದು. ಒಂದು ಪಾಳಿಯಾದರೂ ಕೊಠಡಿಯಿಂದ ಕೊಠಡಿಗೆ ಅವಳ ಜೊತೆ ನಡೆಯಬೇಕು. ನಿವಾಸಿಗಳು ಬಿದ್ದ ಪ್ರಕರಣಗಳೂ ಹೀಗೆಯೇ. ಸ್ಥಳ, ಸಮಯ ಬರೆದಿಟ್ಟರೆ ಸಾಲದು. ಬೆಳಗಿನ ಜಾವ ಶೌಚಾಲಯದ ದಾರಿಯಲ್ಲೇ ಹೆಚ್ಚು ಜನ ಬೀಳುತ್ತಿದ್ದಾರೆಂದು ದಾಖಲೆ ತೋರಿಸಿದ ಮೇಲೆ ಅಲ್ಲೊಂದು ಹಿಡಿಕಂಬಿ ಬಂತೇ ಎಂಬುದು ಪ್ರಶ್ನೆ.

ಬಳಸುವವರು, ಕಾನೂನು

ಉತ್ತರ ಬೆಂಗಳೂರಿನ ಸೋಲದೇವನಹಳ್ಳಿಯ ಆಚಾರ್ಯ ಶಿಕ್ಷಣ ಸಂಸ್ಥೆಗಳ ಆವರಣದಲ್ಲಿ ನರ್ಸಿಂಗ್ ಮತ್ತು ಫಿಸಿಯೋಥೆರಪಿ ಕಲಿಸುವ ಕಾಲೇಜುಗಳಿವೆ. ಹೀಗೆ ತರಬೇತಿ ಪಡೆದವರಿಗೆ ಇಂಗ್ಲಿಷ್ ನಮೂನೆ ಕಷ್ಟವಾಗದು. ಸ್ನಾನ ಮಾಡಿಸಿ ಊಟ ಉಣಿಸುವ ಆಯಾಗಳಿಗೆ ಕಷ್ಟವಾಗಬಹುದು. ಆದರೆ ಅಜ್ಜಿ ಎರಡು ದಿನದಿಂದ ಊಟ ಬಿಟ್ಟಿದ್ದು ಮೊದಲು ತಿಳಿಯುವುದು ಆಯಾಗೇ. ಕನ್ನಡದಲ್ಲಿ ದಾಖಲಿಸಲು ಬಾರದ ತಂತ್ರಾಂಶಕ್ಕೆ ಇಲ್ಲಿ ಪೂರ್ಣ ಅಂಕ ಸಲ್ಲದು. ನಿವಾಸಿಗಳ ವಿವರಗಳು ಗೌಪ್ಯವಾಗಿ ಉಳಿಯುತ್ತವೆಯೇ ಎಂಬುದನ್ನೂ ನೋಡಬೇಕು: ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂದಿದೆ.

ಹೆತ್ತವರನ್ನು ಸೇರಿಸಲು ಕೇಂದ್ರ ನೋಡಹೋಗುವವರು ಅಲ್ಲಿನ ಔಷಧ ಚಾರ್ಟ್‌ನ ಖಾಲಿ ನಮೂನೆ ಕೇಳಲಿ. ಬೇರೊಬ್ಬ ನಿವಾಸಿಯ ತುಂಬಿದ ಚಾರ್ಟನ್ನೇ ತೆಗೆದು ತೋರಿಸಿದರೆ, ಆ ಕೇಂದ್ರ ಮೊದಲ ಪರೀಕ್ಷೆಯಲ್ಲೇ ಅನುತ್ತೀರ್ಣ.