ದಾಯಾದಿ ವೈರಸ್‌ಗಳ ನಡುವೆ: ಸೊಳ್ಳೆಜ್ವರ ಪತ್ತೆಯ ಪ್ರತಿಕಾಯಗಳು ಬೆಳೆದ ಬಗೆ

ಗದಗ ತಾಲ್ಲೂಕಿನ ಹರ್ತಿಯಂಥ ಬಯಲುಸೀಮೆಯ ಊರುಗಳಲ್ಲಿ ನಳಕ್ಕೆ ನೀರು ಬಂದ ದಿನ ಬ್ಯಾರಲ್ಲು, ಕೊಡ, ಸಿಮೆಂಟಿನ ತೊಟ್ಟಿ ಎಲ್ಲವನ್ನೂ ತುಂಬಿಡುವುದು ರೂಢಿ. ಈಡಿಸ್ ಈಜಿಪ್ಟಿ ಸೊಳ್ಳೆಗೆ ಬೇಕಾದದ್ದು ಇಂಥ ನಿಂತ ನೀರೇ. ಡೆಂಗಿಯನ್ನೂ ಚಿಕೂನ್‌ಗುನ್ಯವನ್ನೂ ಮುಖ್ಯವಾಗಿ ಹರಡುವುದು ಇದೇ ಸೊಳ್ಳೆ. ಮೊದಲ ಎರಡು ಮೂರು ದಿನ ಎರಡೂ ಜ್ವರಗಳ ಮುಖ ಹೆಚ್ಚುಕಡಿಮೆ ಒಂದೇ. ಯಾವುದು ಯಾವುದೆಂದು ಹೇಳಲು ಪ್ರಯೋಗಾಲಯಕ್ಕೆ ಇರುವ ಮುಖ್ಯ ಸಾಧನಗಳಲ್ಲಿ ಪ್ರತಿಕಾಯವೂ ಒಂದು. ವೈರಸ್ಸಿನ ಮೈಮೇಲಿನ ಒಂದು ಗುರುತನ್ನು ಹಿಡಿದು ಅಂಟಿಕೊಳ್ಳುವ ಪ್ರೋಟೀನು ಇದು. ದೇಹ ತನ್ನ ರಕ್ಷಣೆಗೆ ಮಾಡಿಕೊಳ್ಳುವ ಈ ಪ್ರೋಟೀನನ್ನು ಪತ್ತೆಯ ಸಲಕರಣೆಯಾಗಿ ಪಳಗಿಸುತ್ತ ಬಂದ ಕಥೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ.

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಫೌಂಡೇಶನ್ನೂ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಐದು ವರ್ಷದಲ್ಲಿ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ದಕ್ಷಿಣ ಅಮೆರಿಕದ ಕಾಡುಗಳ ಹಳದಿಜ್ವರ ಇಲ್ಲಿಗೂ ಬಂತೇ ಎಂಬ ಭಯ ಹುಟ್ಟಿತು. ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರು ಪ್ರತ್ಯೇಕಿಸಿದ ವೈರಸ್ಸನ್ನು ಗೊತ್ತಿದ್ದ ವೈರಸ್‌ಗಳ ಪ್ರತಿಕಾಯಗಳ ಎದುರು ಇಟ್ಟು ನೋಡಿದಾಗ, ಅದು ಸೈಬೀರಿಯದ ಕಡೆಯ ಉಣ್ಣೆಹುಳುವಿನಿಂದ ಹರಡುವ ಮೆದುಳುಜ್ವರಗಳ ಗುಂಪಿಗೆ ಹತ್ತಿರವೆಂದು ತಿಳಿಯಿತು. ಹಳದಿಜ್ವರವಲ್ಲ, ಕ್ಯಾಸನೂರು ಕಾಡಿನ ಕಾಯಿಲೆ, ಜನರ ಬಾಯಲ್ಲಿ ಮಂಗನ ಕಾಯಿಲೆ. ಇದು ಸೊಳ್ಳೆಯ ರೋಗವಲ್ಲ. ಆದರೂ ಇಲ್ಲಿ ಅದನ್ನು ಎತ್ತಲೇಬೇಕು, ಏಕೆಂದರೆ ಡೆಂಗಿ, ಜಪಾನೀಸ್ ಮೆದುಳುಜ್ವರ, ಝಿಕಾಗಳೂ ಇದೂ ಒಂದೇ ಫ್ಲೇವಿವೈರಸ್ ವಂಶದವು. ಈ ದಾಯಾದಿಗಳಲ್ಲಿ ಒಬ್ಬನ ವಿರುದ್ಧ ಹುಟ್ಟಿದ ಪ್ರತಿಕಾಯ ಅನೇಕ ಸಲ ಇನ್ನೊಬ್ಬನನ್ನೂ ಹಿಡಿಯುತ್ತದೆ. ಈ ಕ್ಷೇತ್ರದ ಮುಂದಿನ ದುಡಿಮೆಯಲ್ಲಿ ಬಹುಪಾಲು ಈ ಒಂದು ತೊಡಕಿನ ಜೊತೆಗಿನ ಸೆಣಸಾಟ ಎಂಬುದು ನನ್ನ ಎಣಿಕೆ.

ಆಗಿನ ಪರೀಕ್ಷೆಗಳು ತುಂಬಾ ಶ್ರಮದವು. ಎಳೆಯ ಇಲಿಮರಿಗಳ ಮೆದುಳಿನಲ್ಲಿ ವೈರಸ್ ಬೆಳೆಸಿ, ಅದನ್ನು ಸಂಸ್ಕರಿಸಿ, ಹೆಬ್ಬಾತಿನ ಕೆಂಪು ರಕ್ತಕಣಗಳೊಂದಿಗೆ ಬೆರೆಸುತ್ತಿದ್ದರು. ವೈರಸ್ ಇದ್ದರೆ ಕಣಗಳು ಗಂಟುಕಟ್ಟುತ್ತವೆ, ರಕ್ತದ ತಿಳಿಭಾಗವಾದ ಸೀರಮ್ಮಿನಲ್ಲಿ ತಕ್ಕ ಪ್ರತಿಕಾಯವಿದ್ದರೆ ಗಂಟಾಗುವುದು ನಿಲ್ಲುತ್ತದೆ. ಕ್ಲಾರ್ಕ್ ಮತ್ತು ಕಸಾಲ್ಸ್ 1958ರಲ್ಲಿ ಈ ವಿಧಾನವನ್ನು ಒಪ್ಪ ಓರಣಗೊಳಿಸಿದರು. ಚಿಕೂನ್‌ಗುನ್ಯ ಒಂದು ಗುಂಪು, ಡೆಂಗಿ ಮತ್ತು ಮೆದುಳುಜ್ವರ ಇನ್ನೊಂದು ಗುಂಪು ಎಂದು ಬೇರ್ಪಡಿಸಲು ಇದು ಸಾಕಾಗಿತ್ತು. ಗುಂಪಿನೊಳಗೆ ಯಾರು ಯಾರೆಂದು ಹೇಳಲು ಅನೇಕ ಸಲ ಸೋಲುತ್ತಿತ್ತು. ಒಂದು ಪ್ರಾಣಿಯ ಸೀರಮ್ಮಿನಲ್ಲಿ ನೂರಾರು ಬಗೆಯ ಪ್ರತಿಕಾಯಗಳು ಬೆರೆತಿರುವುದೇ ಅದಕ್ಕೆ ಕಾರಣ.

1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಪ್ರತಿಕಾಯ ತಯಾರಿಸುವ ಇಲಿಯ ಜೀವಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಒಂದು ಕೋಶದ ಸಂತತಿ, ಒಂದೇ ಬಗೆಯ ಪ್ರತಿಕಾಯ, ಬೇಕಾದಷ್ಟು ಕಾಲ. ಇದೇ ಮೋನೋಕ್ಲೋನಲ್ ಪ್ರತಿಕಾಯ. 1982ರ ಹೊತ್ತಿಗೆ ಅಮೆರಿಕದ ವಾಲ್ಟರ್ ರೀಡ್ ಸಂಸ್ಥೆಯಲ್ಲಿ ಹೆಂಚಲ್ ಮತ್ತು ಸಂಗಡಿಗರು ಡೆಂಗಿಯ ನಾಲ್ಕು ಬಗೆಗಳನ್ನು ಬೇರೆಬೇರೆಯಾಗಿ ಗುರುತಿಸುವ ಪ್ರತಿಕಾಯಗಳನ್ನು ಪಡೆದರು. ಅವುಗಳ ಜೊತೆಗೇ ಸಿಕ್ಕ 4ಜಿ2 ಎಂಬುದು ಇಡೀ ಫ್ಲೇವಿವೈರಸ್ ವಂಶವನ್ನೇ ಹಿಡಿಯುತ್ತದೆ, ಏಕೆಂದರೆ ಅದು ಅಂಟುವುದು ವೈರಸ್ ಕೋಶದೊಳಗೆ ನುಗ್ಗಲು ಬಳಸುವ, ವಂಶದಲ್ಲೆಲ್ಲ ಬದಲಾಗದೆ ಉಳಿದ ಭಾಗಕ್ಕೆ. ಇಂದಿಗೂ ಜಗತ್ತಿನ ಸಂಶೋಧನಾಲಯಗಳಲ್ಲಿ 4ಜಿ2 ಬಳಕೆಯಲ್ಲಿದೆ. ಇತ್ತ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿ. ರವಿ ಮತ್ತು ಸಂಗಡಿಗರು ಮೋನೋಕ್ಲೋನಲ್ ಪ್ರತಿಕಾಯಗಳಿಂದ ಜಪಾನೀಸ್ ಮೆದುಳುಜ್ವರ ಪತ್ತೆಮಾಡಿ, ಫಲಿತಾಂಶವನ್ನು ರೋಗಿಗಳ ಗತಿಯೊಂದಿಗೆ ತಾಳೆ ನೋಡಿ 1989ರಲ್ಲಿ ಪ್ರಕಟಿಸಿದರು. ಕೋಲಾರದ ಕಡೆಯ ಮಕ್ಕಳು ಆ ಜ್ವರಕ್ಕೆ ಬಲಿಯಾಗುತ್ತಿದ್ದುದನ್ನು ಕಂಡ ನಾಡಿನಲ್ಲಿ ಅದು ದೊಡ್ಡ ಕೆಲಸ.

ಚಿಕೂನ್‌ಗುನ್ಯ 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಎದ್ದು ಅಡಗಿದ್ದು, ಮೂರು ದಶಕದ ಮೇಲೆ ಮರಳಿತು. 2006ರಲ್ಲಿ ಕರ್ನಾಟಕವೊಂದರಲ್ಲೇ ಶಂಕಿತರ ಸಂಖ್ಯೆ 7.5 ಲಕ್ಷ ದಾಟಿತು, ದೇಶದಲ್ಲೇ ಹೆಚ್ಚು. ಕೀಲು ಹಿಡಿದು ಏಳಲಾಗದೆ ಕೂತವರನ್ನು ಲಕ್ಷಣ ನೋಡಿಯೇ ಲೆಕ್ಕಕ್ಕೆ ಹಿಡಿಯಲಾಯಿತು, ರಕ್ತಪರೀಕ್ಷೆ ಆದದ್ದು ಕೆಲವರಿಗೆ ಮಾತ್ರ. ಪುಣೆಯಲ್ಲಿ ತಯಾರಾದ, ರಕ್ತದಲ್ಲಿನ ಪ್ರತಿಕಾಯವನ್ನು ಬಣ್ಣದಿಂದ ತೋರಿಸುವ ಎಲೈಸಾ ಕಿಟ್‌ಗಳು ಜಿಲ್ಲಾ ಮಟ್ಟದ ಪ್ರಯೋಗಾಲಯಗಳನ್ನು ತಲುಪಿದ್ದರ ಮಹತ್ವ ಆ ವರ್ಷವನ್ನು ನೆನೆದರೆ ತಿಳಿಯುತ್ತದೆ.

ಡೆಂಗಿಯ ಕಿಟ್ಟನ್ನೇ ನೋಡಿ. ಪ್ಲಾಸ್ಟಿಕ್ ತಟ್ಟೆಯ ಗುಳಿಯ ತಳದಲ್ಲಿ ಸೋಂಕಿನ ಆರಂಭದಲ್ಲಿ ಮನುಷ್ಯನ ದೇಹ ಮಾಡುವ ಐಜಿಎಂ ಎಂಬ ಪ್ರತಿಕಾಯವನ್ನು ಹಿಡಿಯುವ ಇನ್ನೊಂದು ಪ್ರತಿಕಾಯ ಲೇಪಿಸಿರುತ್ತಾರೆ. ರೋಗಿಯ ಸೀರಂ ಹಾಕಿ, ತೊಳೆದು, ಡೆಂಗಿ ವೈರಸ್ಸಿನ ಅಂಶ ಸೇರಿಸುತ್ತಾರೆ. ರೋಗಿಯ ಐಜಿಎಂ ಡೆಂಗಿಯದ್ದಾದರೆ ಆ ಅಂಶ ಅಲ್ಲಿ ನಿಲ್ಲುತ್ತದೆ. ಅದರ ಮೇಲೆ ಬಂದು ಕೂರುವ ಮೋನೋಕ್ಲೋನಲ್ ಪ್ರತಿಕಾಯ ಇಡೀ ಫ್ಲೇವಿವೈರಸ್ ಗುಂಪನ್ನು ಹಿಡಿಯುವಂಥದ್ದು. ವೈರಸ್ಸಿನ ಆಯ್ಕೆ ಮೊದಲೇ ಆಗಿರುವುದರಿಂದ ಇಲ್ಲಿ ಈ ಉದಾರ ಪ್ರತಿಕಾಯವೇ ಸಾಕು. ತೊಡಕೆನಿಸಿದ್ದ ಗುಣ ಇಲ್ಲಿ ಅನುಕೂಲವಾಯಿತು. ಕೊನೆಗೆ ಕಿಣ್ವ ಬಣ್ಣ ಹುಟ್ಟಿಸುತ್ತದೆ.

ಐಜಿಎಂ ಕಾಣುವುದು ಜ್ವರದ ನಾಲ್ಕೈದನೆಯ ದಿನದಿಂದ. ಅದಕ್ಕೂ ಮೊದಲು ವೈರಸ್ ರಕ್ತಕ್ಕೆ ಬಿಡುವ ಎನ್‌ಎಸ್1 ಪ್ರೋಟೀನನ್ನು ಪ್ರತಿಕಾಯದಿಂದ ಹಿಡಿಯುವ ಪರೀಕ್ಷೆ 2000ದ ನಂತರ ಬಂತು. ಇದರಿಂದ ಮೊದಲ ದಿನಗಳಲ್ಲೇ ಡೆಂಗಿ ಗೊತ್ತಾಗುವಂತಾಯಿತು. ಇಂಥ ಪ್ರತಿಕಾಯವನ್ನು ಆರಿಸುವಾಗ ಡೆಂಗಿಯನ್ನು ಹಿಡಿಯಿತೇ ಎಂದಷ್ಟೇ ನೋಡಿದರೆ ಸಾಲದು, ಝಿಕಾವನ್ನು, ಮಂಗನ ಕಾಯಿಲೆಯ ವೈರಸ್ಸನ್ನು ಬಿಟ್ಟಿತೇ ಎಂದೂ ನೋಡಬೇಕು. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಝಿಕಾ ದೃಢಪಟ್ಟಿತು, ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ಸೊಳ್ಳೆಗಳಲ್ಲೂ ಅದು ಸಿಕ್ಕಿತು. ಎರಡನೆಯ ಸಲ ಸೋಂಕು ತಗಲಿದವರಲ್ಲಂತೂ ಹಳೆಯ ಪ್ರತಿಕಾಯಗಳೂ ಎದ್ದು ಎಲೈಸಾ ಗೊಂದಲಕ್ಕೆ ಬೀಳುತ್ತದೆ. ಆಗ ಜೀವಂತ ವೈರಸ್ಸನ್ನು ಸೀರಂ ಎಷ್ಟರಮಟ್ಟಿಗೆ ತಡೆಯುತ್ತದೆಂದು ಕೋಶಗಳ ಮೇಲೆ ಅಳೆಯುವ ನಿಧಾನದ ಪರೀಕ್ಷೆಗೇ ಮೊರೆ. ಅದಕ್ಕೆ ಸುರಕ್ಷಿತ ಪ್ರಯೋಗಾಲಯವೂ ಹಲವು ದಿನಗಳೂ ಬೇಕು. ಒಂದೇ ರಾಜ್ಯದಲ್ಲಿ ಮಲೆನಾಡಿನ ಉಣ್ಣೆಯ ವೈರಸ್ಸೂ ಬಯಲುಸೀಮೆಯ ಸೊಳ್ಳೆಯ ವೈರಸ್‌ಗಳೂ ಇರುವಾಗ, ಹೊರಗಿನಿಂದ ಬರುವ ಪ್ರತಿ ಕಿಟ್ಟನ್ನೂ ಗದಗಿನ ಸೀರಮ್ಮಿನ ಜೊತೆ ಸಾಗರ, ತೀರ್ಥಹಳ್ಳಿಗಳ ಸೀರಮ್ಮಿನ ಮೇಲೂ ಪರೀಕ್ಷಿಸಿಯೇ ಕೊಳ್ಳಬೇಕು.