ಮರ ಬಿಟ್ಟ ಮೇಲೆ ಸುಮ್ಮನಾದ ಶಿಲೀಂಧ್ರ

(1/4)
ಮಳೆಗಾಲದಲ್ಲಿ ಬ್ರೆಡ್ ಮೇಲೆ, ಚಪ್ಪಲಿ ಮೇಲೆ ಬರೋ ಬೂಸ್ಟು ನಿಮಗೆಲ್ಲ ಗೊತ್ತು. ಅದರ ಬಳಗದ ಕೆಲವು ಶಿಲೀಂಧ್ರಗಳು ಗಿಡಮರಗಳ ಎಲೆ, ತೊಗಟೆ, ಬೇರಿನ ಒಳಗೇ ಸಂಸಾರ ಹೂಡಿರುತ್ತವೆ. ಮರಕ್ಕೆ ರೋಗ ತರಲ್ಲ, ಹೊರಗಿನಿಂದ ನೋಡಿದ್ರೆ ಇರೋದೇ ಗೊತ್ತಾಗಲ್ಲ. ಇವಕ್ಕೆ ಎಂಡೋಫೈಟ್ ಅಂತ ಹೆಸರು. ಇವುಗಳನ್ನ ಕ್ಯಾನ್ಸರ್ ಔಷಧಿಗಾಗಿ ಹುಡುಕಿದ ಕಥೆ ನಮ್ಮ ಪಶ್ಚಿಮ ಘಟ್ಟಕ್ಕೂ ಬೆಂಗಳೂರಿಗೂ ಸೇರಿದ್ದು.

(2/4)
1966. ಅಮೆರಿಕದ ಮನ್ರೋ ವಾಲ್, ಮನ್ಸುಖ್ ವಾನಿ ಮತ್ತು ಜೊತೆಗಾರರು ಚೀನಾ ಮೂಲದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಕಂಡುಹಿಡಿದ್ರು. 1972ರಲ್ಲಿ ಮುಂಬೈನ ಸಿಬಾ ಸಂಶೋಧನಾ ಕೇಂದ್ರದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತು ನಮ್ಮ ಘಟ್ಟದ ಮರವೊಂದರಲ್ಲೂ ಇದೆ ಅಂತ ತೋರಿಸಿದ್ರು. ಹೂವಿನ ವಾಸನೆ ಕೆಟ್ಟದಾಗಿರೋದ್ರಿಂದ ಕನ್ನಡದಲ್ಲಿ ಅದು ದುರ್ವಾಸನೆ ಮರ. 1996ರಲ್ಲಿ ಈ ವಸ್ತುವನ್ನ ಆಧರಿಸಿದ ಟೊಪೊಟೆಕಾನ್, ಇರಿನೊಟೆಕಾನ್ ಔಷಧಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು.

ಮುಂದೇನಾಯ್ತು ಅಂತ ಬಿಕಾಂ ಓದೋರಿಗೆ ಹೇಳಬೇಕಿಲ್ಲ. ಡಿಮ್ಯಾಂಡ್ ಏರಿತು, ಸಪ್ಲೈ ಕಾಡಿನಿಂದಲೇ ಬರಬೇಕಿತ್ತು. ಮರ ಕಡಿದು, ಕಟ್ಟಿಗೆ ಚೂರು ಮಾಡಿ ಸಾಗಿಸಿದ್ರು. ಮರ ಬೆಳೆಯೋಕೆ ವರ್ಷಗಟ್ಟಲೆ ಬೇಕು, ಕಡಿಯೋಕೆ ಅರ್ಧ ದಿನ ಸಾಕು.

(3/4)
2005ರಲ್ಲಿ ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ತಂಡ ಒಂದು ಸಿಹಿ ಸುದ್ದಿ ಕೊಟ್ಟಿತು. ಇದೇ ಮರದೊಳಗಿನ ಶಿಲೀಂಧ್ರವೊಂದು ತಾನೇ ಕ್ಯಾಂಪ್ಟೊಥೆಸಿನ್ ಮಾಡುತ್ತೆ! ಹಾಗಾದ್ರೆ ಮರ ಯಾಕೆ ಕಡೀಬೇಕು, ಶಿಲೀಂಧ್ರವನ್ನೇ ಟ್ಯಾಂಕಿನಲ್ಲಿ ಬೆಳೆಸಬಹುದಲ್ವಾ?

ಅಷ್ಟು ಸುಲಭ ಇರಲಿಲ್ಲ. ಇಂಥ ಶಿಲೀಂಧ್ರಗಳನ್ನ ಲ್ಯಾಬಿನ ತಟ್ಟೆಯಿಂದ ತಟ್ಟೆಗೆ ಬದಲಿಸುತ್ತಾ ಹೋದಂತೆ ಔಷಧಿಯ ಪ್ರಮಾಣ ಇಳಿಯುತ್ತಾ ಬಂತು. ಊಟ ಇದೆ, ಬೆಚ್ಚಗಿದೆ, ಚೆನ್ನಾಗೇ ಬೆಳೀತಿದೆ. ಆದ್ರೆ ಕೆಲಸ ಮಾತ್ರ ಬಿಟ್ಟಿದೆ.

ಯಾಕೆ? ಚೀನಾ ಮೂಲದ ಮರದ ಶಿಲೀಂಧ್ರವನ್ನ ಪರೀಕ್ಷಿಸಿದ ಜರ್ಮನಿಯ ವಿಜ್ಞಾನಿಗಳು 2011ರಲ್ಲಿ ಒಂದು ಕಾರಣ ಕೊಟ್ರು. ಔಷಧಿ ತಯಾರಿಗೆ ಬೇಕಾದ ಒಂದು ಮುಖ್ಯ ಕಿಣ್ವ ಆ ಶಿಲೀಂಧ್ರದ ಹತ್ರ ಇಲ್ಲ, ಅದನ್ನ ಮರದಿಂದ ಪಡೆಯುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ, ಇದು ಒಬ್ಬನ ಅಂಗಡಿ ಅಲ್ಲ, ಪಾರ್ಟ್ನರ್‌ಶಿಪ್ ವ್ಯಾಪಾರ.

(4/4)
ಈಗ ಬೆಂಗಳೂರು. 2015ರಲ್ಲಿ ಇಲ್ಲಿನ ಕೃಷಿ ವಿಶ್ವವಿದ್ಯಾಲಯದ, ಅಂದ್ರೆ ಜಿಕೆವಿಕೆಯ ತಂಡ, ಹೀಗೆ ಸುಮ್ಮನಾದ ಶಿಲೀಂಧ್ರಗಳನ್ನ ಎರಡು ರೀತಿ ಎಬ್ಬಿಸಿ ನೋಡಿತು. ಮೊದಲನೇದು, ಮತ್ತೆ ಮರದ ಒಳಗೇ ಕಳಿಸಿ ವಾಪಸ್ ತೆಗೆಯೋದು. ಎರಡನೇದು, 5-ಅಜಾಸೈಟಿಡಿನ್ ಎಂಬ ರಾಸಾಯನಿಕ ಹಾಕಿ ಬೆಳೆಸೋದು. ಡಿಎನ್‌ಎ ಮೇಲೆ ಮೀಥೈಲ್ ಎಂಬ ಸಣ್ಣ ಗುರುತು ಕೂತರೆ ಆ ಜೀನ್ ಬಾಯಿ ಮುಚ್ಚುತ್ತೆ. ಈ ರಾಸಾಯನಿಕ ಆ ಗುರುತು ಕೂರದಂತೆ ತಡೆಯುತ್ತೆ. ಎರಡೂ ದಾರಿಯಲ್ಲಿ ಔಷಧಿಯ ಪ್ರಮಾಣ ಮತ್ತೆ ಏರಿತು! ಕಾರ್ಖಾನೆ ನಡೆಸೋಕೆ ಇದಿಷ್ಟೇ ಸಾಲದು. ಆದ್ರೆ ಶಕ್ತಿ ಪೂರ್ತಿ ಸತ್ತಿರಲಿಲ್ಲ, ಮಲಗಿತ್ತು ಅಂತ ತಿಳೀತು.

ಇದು ಒಂದೇ ಔಷಧಿಯ ಮಾತಲ್ಲ. ಲ್ಯಾಬಿನಲ್ಲಿ ಯಾವತ್ತೂ ತೋರಿಸದ ಎಷ್ಟೋ ವಸ್ತುಗಳ ರೆಸಿಪಿ ಶಿಲೀಂಧ್ರಗಳ ಜೀನ್‌ಗಳಲ್ಲಿದೆ. 2009ರಲ್ಲಿ ಜರ್ಮನಿಯ ಯೇನಾದಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಜೊತೆ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸಿದಾಗ, ಎರಡೂ ಮೈಗೆ ಮೈ ತಾಗಿದ ಮೇಲೆ ಮಲಗಿದ್ದ ಜೀನ್‌ಗಳು ಎದ್ದವು. ಈಗ ಆಹಾರ ಬದಲಿಸಿ, ನೆರೆಹೊರೆ ಕೊಟ್ಟು, ರಾಸಾಯನಿಕ ಹಾಕಿ ಹೊಸ ವಸ್ತುಗಳನ್ನ ಹುಡುಕ್ತಾ ಇದ್ದಾರೆ.

ಕಾಡು ಹೋದ್ರೂ ಪರವಾಗಿಲ್ಲ, ಸ್ಯಾಂಪಲ್ ಫ್ರಿಡ್ಜಲ್ಲಿದೆ ಅನ್ನೋರಿಗೆ ಈ ಕಥೆ ಹೇಳಿ. ಸುಮ್ಮನಾದ ಶಿಲೀಂಧ್ರವನ್ನ ಎಬ್ಬಿಸೋಕೆ ಬೆಂಗಳೂರಿನವರು ಹಿಡಿದ ಎರಡು ದಾರಿಗಳಲ್ಲಿ ಒಂದು ಆ ಮರದ ಒಳಗೇ ಹೋಗಿತ್ತು.