ನಮ್ಮ ಸೀಮೆಯ ಕ್ರೈಸ್ತ ತಾಯಂದಿರು: ಒಂದು ಸ್ಮರಣೆ

ಒಂದು ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಸುಸಮಯದಲ್ಲಿ ಅದರ ಚರಿತ್ರೆಯನ್ನು ಬರೆಯಲು ಕುಳಿತವರ ಲೇಖನಿಗೆ ಮೊದಲು ದೊರೆಯುವವು ಗುರುಗಳ ಹೆಸರುಗಳು. ಅಡಿಗಲ್ಲನ್ನು ಆಶೀರ್ವದಿಸಿದ ಬಿಷಪರು, ಗೋಡೆಗಳನ್ನೆತ್ತಿಸಿದ ಪಾದ್ರಿಗಳು, ಗಂಟೆಯನ್ನು ತರಿಸಿದವರು, ಶಾಲೆಯನ್ನು ತೆರೆದವರು, ಇವರೆಲ್ಲರೂ ಸ್ಮರಣೀಯರೇ ಸರಿ. ಆದರೆ ಆ ಗೋಡೆಗಳೊಳಗೆ ಬಂದು ಮೊಣಕಾಲೂರಿದ ಜನರಿಗೆ ಕೈಜೋಡಿಸುವುದನ್ನು ಮೊದಲು ಕಲಿಸಿದವರು ಯಾರು? ತೊಟ್ಟಿಲ ಬಳಿಯಲ್ಲಿ, ಒಲೆಯ ಮುಂದೆ, ಸಂಜೆಯ ದೀಪದ ಬೆಳಕಿನಲ್ಲಿ ಆ ಪಾಠವನ್ನು ಹೇಳಿಕೊಟ್ಟ ತಾಯಂದಿರ ಹೆಸರು ಯಾವ ಶಿಲಾಫಲಕದಲ್ಲಿಯೂ ಇಲ್ಲ. ಈ ಸಂಚಿಕೆಯ ಕೆಲವು ಪುಟಗಳನ್ನಾದರೂ ಅವರಿಗಾಗಿ ಮೀಸಲಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಧರ್ಮಸಭೆಯು ಆದಿಯಿಂದಲೂ ತಾಯಂದಿರ ಋಣವನ್ನು ಬಲ್ಲದು. ಸಂತ ಪೌಲರು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಆತನ ವಿಶ್ವಾಸವನ್ನು ಹೊಗಳುವಾಗ ಆತನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಟ್ಟು ನೆನೆಯುತ್ತಾರೆ. ಉತ್ತರ ಆಫ್ರಿಕದ ತಗಸ್ತೆ ಪಟ್ಟಣದ ಸಂತ ಮೋನಿಕಮ್ಮನವರ ಕಥೆಯನ್ನಂತೂ ನಮ್ಮಲ್ಲಿ ಕೇಳದವರು ವಿರಳ. ಮುಂಗೋಪಿಯಾದ ಗಂಡನನ್ನು ತಾಳ್ಮೆಯಿಂದ ಗೆದ್ದು, ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಕಣ್ಣೀರಿನಿಂದ ಪ್ರಾರ್ಥಿಸಿ, ಕ್ರಿ.ಶ. 387ರಲ್ಲಿ ಆ ಮಗನು ಮಿಲಾನಿನಲ್ಲಿ ಸಂತ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದುದನ್ನು ಕಂಡು, ಅದೇ ವರ್ಷ ಓಸ್ತಿಯಾದಲ್ಲಿ ಕಣ್ಣು ಮುಚ್ಚಿದ ಮಹಾಮಾತೆ ಆಕೆ. ತನ್ನ ದೇಹವನ್ನು ಎಲ್ಲಿ ಬೇಕಾದರೂ ಹೂಳಿರಿ, ದೇವರ ಪೀಠದ ಬಳಿ ಮಾತ್ರ ತನ್ನನ್ನು ನೆನೆಯಿರಿ ಎಂಬುದು ಆಕೆಯ ಕೊನೆಯ ಕೋರಿಕೆಯಾಗಿತ್ತು. ಮಗನಾದ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ತಾಯಿಯನ್ನು ಕುರಿತು ಅಷ್ಟೊಂದು ಬರೆದಿದ್ದರೂ ಆಕೆಯ ಹೆಸರನ್ನು ಒಂದೇ ಒಂದು ಬಾರಿ ಹೇಳಿದ್ದಾರೆ. ಆ ಒಂದು ಬಾರಿಯಿಂದಲೇ ಲೋಕವು ಇಂದಿಗೂ ಆಗಸ್ಟ್ 27ರಂದು ಆಕೆಯ ಹಬ್ಬವನ್ನು ಆಚರಿಸುತ್ತಿದೆ. ಬರೆಯಬಲ್ಲ ಮಗನಿದ್ದುದರಿಂದ ಮೋನಿಕಮ್ಮನವರು ಉಳಿದರು. ಬರೆಯುವವರಿಲ್ಲದ ನಮ್ಮ ತಾಯಂದಿರ ಗತಿಯೇನು?

ನಮ್ಮ ಮೈಸೂರು ಸೀಮೆಯ ಚರಿತ್ರೆಯನ್ನೇ ನೋಡೋಣ. 17ನೆಯ ಶತಮಾನದ ನಡುವಿನಲ್ಲಿ ಇಟಲಿ ದೇಶದ ಯೇಸುಸಭೆಯ ಗುರುಗಳಾದ ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಬೋಧನೆಗೆ ತೊಡಗಿದರು. ಮುಂದೆ 1773ರಲ್ಲಿ ಯೇಸುಸಭೆಯೇ ವಿಸರ್ಜಿತವಾದಾಗ ಇಲ್ಲಿಗೆ ಹೊಸ ಗುರುಗಳು ಬರುವುದು ದುರ್ಲಭವಾಯಿತು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಮೇಲೆ ಫ್ರಾನ್ಸಿನ ಅಬ್ಬೆ ದುಬುವಾರವರು ಈ ನಾಡಿಗೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಶ್ರಮಿಸಿದರು. ಆದರೆ 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಈ ದೇಶದಲ್ಲಿ ಕ್ರೈಸ್ತಧರ್ಮವು ಬೇರೂರಲಾರದೆಂದು ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ನಿರಾಶೆಯಿಂದ ಬರೆದರು. ಆ ಪೂಜ್ಯರ ನಿರಾಶೆಯ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತೆಂದು ನಮಗೆ ತೋರುತ್ತದೆ. ಗುರುಗಳು ಅಪರೂಪಕ್ಕೊಮ್ಮೆ ಬಂದು ಹೋಗುತ್ತಿದ್ದ ಹಳ್ಳಿಗಳಲ್ಲಿ, ಅವರು ಬಾರದಿದ್ದ ಉಳಿದೆಲ್ಲ ದಿನಗಳಲ್ಲಿಯೂ ಮಕ್ಕಳ ಹಣೆಯ ಮೇಲೆ ಶಿಲುವೆಯ ಗುರುತನ್ನಿಡುತ್ತಿದ್ದ ಕೈ ಯಾವುದೆಂಬುದನ್ನು ಯಾರೂ ಎಣಿಸಿರಲಿಲ್ಲ.

ಆ ಕೈಗಳ ಶಕ್ತಿಯು ಸ್ಪಷ್ಟವಾಗಿ ಕಂಡುದು ಮುಂದೆ ಬಂದ ಘೋರ ಕ್ಷಾಮದ ಬಳಿಕ. 1876ರಿಂದ 1878ರವರೆಗಿನ ಆ ಬರಗಾಲವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಕ್ಷಾಮವೆಂದು ಕರೆಯುತ್ತಿದ್ದರು. ಮಳೆ ತಪ್ಪಿತು, ಕೆರೆಗಳು ಬತ್ತಿದವು, ಹೊಲದಲ್ಲಿ ರಾಗಿ ಒಣಗಿಹೋಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತಲೂ ಕೆಳಗಿಳಿದಿತ್ತೆಂದರೆ ಆ ದುರಂತದ ಆಳವನ್ನು ಓದುಗರೇ ಊಹಿಸಬಹುದು. ಗಂಜಿಯನ್ನರಸಿ ಬೆಂಗಳೂರಿನ ದಾರಿ ಹಿಡಿದವರಲ್ಲಿ ಎಷ್ಟೋ ಮಂದಿ ದಾರಿಯಲ್ಲಿಯೇ ಬಿದ್ದರು. ಅವರ ಪಕ್ಕದಲ್ಲಿ ಮಕ್ಕಳು ಉಳಿದವು.

ಆಗ ಮೈಸೂರು ಮಿಷನ್ನಿನ ಹೊಣೆ ಹೊತ್ತಿದ್ದವರು ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಬಿಷಪ್ ಶೆವಾಲಿಯೆಯವರು. ಆ ಕಾಲದಲ್ಲಿ ಮಿಷನ್ನಿನ ಅನಾಥಾಲಯಗಳು ಕ್ಷಾಮದ ಮಕ್ಕಳಿಂದ ತುಂಬಿದವು. ಆ ಮಕ್ಕಳು ಬೆಳೆದು ದೊಡ್ಡವರಾದಾಗ ಅವರಿಗೆ ಬದುಕನ್ನು ಕಟ್ಟಿಕೊಡುವುದು ಹೇಗೆಂಬ ಪ್ರಶ್ನೆ ಎದುರಾಯಿತು. ಮಿಷನ್ನಿನವರು ಭೂಮಿಯನ್ನು ಪಡೆದು, ಅನಾಥ ಯುವಕ ಯುವತಿಯರಿಗೆ ವಿವಾಹ ಮಾಡಿಸಿ, ಬೇಸಾಯದ ಹಳ್ಳಿಗಳಲ್ಲಿ ನೆಲೆಗೊಳಿಸಿದರು. ನೆಲಮಂಗಲದ ಕಡೆಯಲ್ಲಿ, ಹೆಸರಘಟ್ಟಕ್ಕೆ ಸಮೀಪದಲ್ಲಿರುವ ಶಿಲುವೆಪುರವು ಹೀಗೆ ನೆಲೆಯಾದ ಊರುಗಳಲ್ಲೊಂದು. ಶಿಲುವೆಯ ಹೆಸರನ್ನೇ ಹೊತ್ತ ಊರು ಅದು.

ಈ ಊರಿನ ಮೊದಲ ತಲೆಮಾರಿನ ಗೃಹಿಣಿಯರನ್ನು ಕುರಿತು ನಾವು ಕೊಂಚ ನಿಂತು ಯೋಚಿಸಬೇಕು. ಸಾಮಾನ್ಯವಾಗಿ ಹೆಣ್ಣುಮಗಳೊಬ್ಬಳು ತಾಯ್ತನವನ್ನು ತನ್ನ ತಾಯಿಯನ್ನು ನೋಡಿ ಕಲಿಯುತ್ತಾಳೆ. ಹೆರಿಗೆಗೆ ತವರಿಗೆ ಹೋಗುತ್ತಾಳೆ, ಬಾಣಂತನವನ್ನು ತಾಯಿಯ ಕೈಯಲ್ಲಿ ಮಾಡಿಸಿಕೊಳ್ಳುತ್ತಾಳೆ, ಜೋಗುಳವನ್ನು ಅಜ್ಜಿಯ ಬಾಯಿಂದ ಪಡೆಯುತ್ತಾಳೆ. ಕ್ಷಾಮದ ಈ ಹೆಣ್ಣುಮಕ್ಕಳಿಗೆ ತವರೆಂಬುದಿರಲಿಲ್ಲ, ಅತ್ತೆಯ ಮನೆಯೆಂಬುದೂ ಇರಲಿಲ್ಲ, ಏಕೆಂದರೆ ಕೈಹಿಡಿದವನೂ ಅನಾಥನೇ. ತಾಯಿಯ ಮುಖವೂ ನೆನಪಿಲ್ಲದವರು ತಾವೇ ತಾಯಂದಿರಾಗಬೇಕಾಯಿತು. ಅವರಿಗೆ ದೊರೆತಿದ್ದ ಆಸ್ತಿ ಅನಾಥಾಲಯದಲ್ಲಿ ಕಲಿತ ಮಂತ್ರಗಳು, ಜಪಸರ ಮತ್ತು ದುಡಿಯುವ ಎರಡು ಕೈಗಳು. ಅಷ್ಟರಿಂದಲೇ ಅವರು ಮನೆಗಳನ್ನು ಕಟ್ಟಿದರು. ಶಿಲುವೆಪುರದಂಥ ಊರುಗಳಲ್ಲಿ ಇಂದಿಗೂ ಪೂಜೆಯ ಗಂಟೆ ಮೊಳಗುತ್ತಿರುವುದಕ್ಕೆ ಆ ತಾಯಂದಿರು ಕಾರಣರೆಂದರೆ ಅತಿಶಯೋಕ್ತಿಯಾಗಲಾರದು.

ಇನ್ನೊಂದು ಮಾತನ್ನೂ ಇಲ್ಲಿ ಹೇಳದೆ ಮುಂದೆ ಹೋಗಲಾರೆವು. ಈ ಅನಾಥರಲ್ಲಿ ಅನೇಕರನ್ನು ಹೆತ್ತ ತಾಯಂದಿರು ಕ್ರೈಸ್ತರಾಗಿರಲಿಲ್ಲ. ಅವರು ತಮ್ಮ ತಮ್ಮ ಊರಿನ ದೇವರಿಗೆ ಹರಕೆ ಹೊತ್ತವರು, ತಮ್ಮ ಪಾಲಿನ ಕೊನೆಯ ತುತ್ತನ್ನು ಮಗುವಿನ ಬಾಯಿಗಿಟ್ಟು ತಾವು ಉಪವಾಸವಿದ್ದವರು. ಅವರ ತ್ಯಾಗವಿಲ್ಲದಿದ್ದರೆ ಆ ಮಕ್ಕಳು ಅನಾಥಾಲಯದ ಬಾಗಿಲನ್ನು ತಲುಪುತ್ತಲೇ ಇರಲಿಲ್ಲ. ನಮ್ಮ ವಿಶ್ವಾಸದ ವಂಶವೃಕ್ಷದ ಬೇರಿನಲ್ಲಿ ಅವರೂ ಇದ್ದಾರೆ. ಸಕಲ ಮೃತರ ದಿನದಂದು ನಾವು ಹಚ್ಚುವ ಮೇಣದ ಬತ್ತಿಗಳಲ್ಲಿ ಒಂದು ಅವರಿಗೂ ಸಲ್ಲಬೇಕು.

ತಾಯಂದಿರ ಈ ಸೇವೆಗೆ ಮತ್ತೊಂದು ಮುಖವುಂಟು. ಎರಡನೆಯ ವ್ಯಾಟಿಕನ್ ಮಹಾಸಭೆಯು 1962ರಿಂದ 1965ರವರೆಗೆ ನಡೆದು ಜನಭಾಷೆಗೆ ಅವಕಾಶವನ್ನೀಯುವ ತನಕ ನಮ್ಮ ದೇವಾಲಯಗಳಲ್ಲಿ ಪೂಜೆಯು ಲತೀನ್ ಭಾಷೆಯಲ್ಲಿಯೇ ನಡೆಯುತ್ತಿತ್ತು. ಪೀಠದ ಮೇಲೆ ಗುರುಗಳು ಹೇಳುತ್ತಿದ್ದುದು ಹಳ್ಳಿಯ ಜನರಿಗೆ ಅರ್ಥವಾಗುತ್ತಿರಲಿಲ್ಲ. ದೇವರೊಡನೆ ಮನೆಮಾತಿನಲ್ಲಿ ಮಾತನಾಡಬಹುದೆಂದು ನಾವು ಅರಿತದ್ದು ಮನೆಯಲ್ಲಿ. ನಮ್ಮ ಮಾತೃಶ್ರೀಯವರಿಗೆ ಅಕ್ಷರಜ್ಞಾನವಿರಲಿಲ್ಲ. ಸಂಜೆ ರಾಗಿಮುದ್ದೆಗೆ ಎಸರಿಟ್ಟು, ದೀಪ ಹಚ್ಚಿ, ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿ ಅವರು ಜಪಸರವನ್ನು ಆರಂಭಿಸುತ್ತಿದ್ದರು. ನಿದ್ದೆ ತೂಗಿದವರ ಬೆನ್ನಿಗೊಂದು ಮೃದುವಾದ ಏಟು ಬೀಳುತ್ತಿತ್ತು, ನಮೋ ಮರಿಯ ಮಾತ್ರ ನಿಲ್ಲುತ್ತಿರಲಿಲ್ಲ. ಕೊನೆಯಲ್ಲಿ ಸತ್ತವರ ಹೆಸರುಗಳನ್ನು ಒಬ್ಬೊಬ್ಬರಾಗಿ ಹೇಳಿ ಒಂದೊಂದು ಮಂತ್ರವನ್ನು ಒಪ್ಪಿಸುತ್ತಿದ್ದರು. ಅಜ್ಜಿಯ ಹೆಸರು, ಮುತ್ತಜ್ಜಿಯ ಹೆಸರು, ಮಗುವಾಗಿದ್ದಾಗಲೇ ತೀರಿಕೊಂಡ ಅಕ್ಕನ ಹೆಸರು ನಮಗೆ ತಿಳಿದದ್ದು ಹೀಗೆ. ಓದುಬರಹ ಬಾರದ ನಮ್ಮ ತಾಯಿಯೇ ನಮ್ಮ ಕುಟುಂಬದ ಚರಿತ್ರಕಾರರಾಗಿದ್ದರೆಂಬುದು ನಮಗೆ ಹೊಳೆದದ್ದು ಅವರು ಅಗಲಿದ ಮೇಲೆ, ಆ ಹೆಸರುಗಳಲ್ಲಿ ಕೆಲವನ್ನು ನಾವು ಮರೆತಿದ್ದೇವೆಂದು ಕಂಡುಕೊಂಡಾಗ.

1964ರಲ್ಲಿ ಅದೇ ಮಹಾಸಭೆಯು ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ಕುಟುಂಬವನ್ನು ಗೃಹಸಭೆಯೆಂದು ಕರೆದು, ಮಕ್ಕಳಿಗೆ ತಂದೆತಾಯಿಗಳೇ ಪ್ರಥಮ ಬೋಧಕರೆಂದು ಸಾರಿತು. ನಮ್ಮ ತಾಯಂದಿರು ಆ ಸಂವಿಧಾನವನ್ನು ಓದಿದವರಲ್ಲ, ಅದು ಹೊರಡುವುದಕ್ಕೆ ಬಹುಕಾಲ ಮೊದಲೇ ಅದನ್ನು ಬಾಳಿದವರು.

ಇಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಮಣ್ಣು ಬಹುವೇಗದಿಂದ ಬದಲಾಗುತ್ತಿದೆ. ರಾಗಿಯ ಹೊಲಗಳಿದ್ದೆಡೆ ಬಡಾವಣೆಗಳೆದ್ದಿವೆ. 2008ರಿಂದ ದೇವನಹಳ್ಳಿಯ ಬಾನಿನಲ್ಲಿ ವಿಮಾನಗಳು ಹಾರಾಡುತ್ತಿವೆ. ಮಕ್ಕಳು ದೂರದ ಊರುಗಳಿಗೆ ಉದ್ಯೋಗಕ್ಕೆ ತೆರಳುತ್ತಿದ್ದಾರೆ. ಸಂಜೆಯ ಜಪಸರಕ್ಕೆ ಮನೆಮಂದಿಯೆಲ್ಲ ಒಂದೆಡೆ ಸೇರುವುದು ಕಷ್ಟವಾಗಿದೆ. ಆ ಚಾಪೆಯೊಡನೆ ಹೆಸರುಗಳನ್ನು ಹೇಳುವ ಪದ್ಧತಿಯೂ ಮಾಯವಾದರೆ ನಮ್ಮ ಬೇರುಗಳನ್ನು ತೋರಿಸಿಕೊಡುವವರಾರು?

ಆದುದರಿಂದ ನಮ್ಮ ಓದುಗ ಬಂಧುಗಳಲ್ಲಿ ಒಂದು ವಿನಂತಿ. ಜ್ಞಾನಸ್ನಾನದ ದಾಖಲೆಯಲ್ಲಿ ತಂದೆಯ ಹೆಸರಿನೊಡನೆ ತಾಯಿಯ ಹೆಸರನ್ನೂ ಬರೆಯುವುದು ಧರ್ಮಸಭೆಯ ಕ್ರಮ. ವಂಶಾವಳಿಗಳಲ್ಲಿ ಗಂಡಸರ ಹೆಸರುಗಳಷ್ಟೇ ಉಳಿಯುವ ನಾಡಿನಲ್ಲಿ ಇದು ಸಣ್ಣ ಭಾಗ್ಯವಲ್ಲ. ಈ ಶತಮಾನೋತ್ಸವದ ವರ್ಷದಲ್ಲಿ ಪ್ರತಿಯೊಂದು ಕುಟುಂಬವೂ ಮನೆಯ ಹಿರಿಯರನ್ನು ಕೇಳಿ, ದೇವಾಲಯದ ದಾಖಲೆಗಳನ್ನು ವಿಚಾರಿಸಿ, ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆದಿಡಲಿ. ಹೆಸರು ತಿಳಿಯದೆಡೆ ಒಂದು ಶಿಲುವೆಯ ಗುರುತನ್ನು ಹಾಕಲಿ. ಆ ಹಾಳೆಯನ್ನು ಜಪಸರದ ಪಕ್ಕದಲ್ಲಿಟ್ಟು, ದೇವರ ಪೀಠದ ಬಳಿ ತನ್ನನ್ನು ನೆನೆಯಿರೆಂದು ಕೋರಿದ ಮೋನಿಕಮ್ಮನವರಂತೆ ಕಾದಿರುವ ಆ ತಾಯಂದಿರನ್ನು ಹೆಸರು ಹಿಡಿದು ನೆನೆಯೋಣ. ಅವರ ಆತ್ಮಗಳಿಗೆ ನಿತ್ಯಶಾಂತಿ ಲಭಿಸಲಿ.